ಗಾಳಿ ನಿಂತ ಮೇಲೆ: ಕರೆಂಟ್ ಬರುವ ಗಳಿಗೆ, ಶಾಲೆ ತೆರೆಯುವ ದಿನ

ಸಂಪಾದಕರಿಗೆ,

ಬಿರುಗಾಳಿ ಬೀಸಿದ ಮರುದಿನ ಪತ್ರಿಕೆಗಳಲ್ಲಿ ಉರುಳಿದ ಕಂಬಗಳ ಲೆಕ್ಕ ಬರುತ್ತದೆ, ಮುರಿದ ಮರಗಳ ಚಿತ್ರ ಬರುತ್ತದೆ, ಜೊತೆಗೆ ‘ಮುಂದಿನ ಆದೇಶದವರೆಗೆ ಶಾಲೆಗಳಿಗೆ ರಜೆ’ ಎಂಬ ಒಂದು ಸಾಲು. ಸುದ್ದಿ ಬೇಕಾದದ್ದೇ. ಆದರೆ ಆಮೇಲಿನ ಮೂರು ನಾಲ್ಕು ದಿನ ಕತ್ತಲಲ್ಲಿ ಕೂತವರಿಗೆ, ಮಕ್ಕಳನ್ನು ಮನೆಯಲ್ಲಿಟ್ಟುಕೊಂಡು ಕೆಲಸಕ್ಕೂ ಹೋಗಬೇಕಾದವರಿಗೆ ಏನು ಮಾಡಬೇಕು, ಏನು ಮಾಡಬಾರದು ಎಂಬುದು ಅಷ್ಟೇ ವಿವರವಾಗಿ ಸಿಗುವುದಿಲ್ಲ. ವಿದ್ಯುತ್ ಕೆಲಸ ಮತ್ತು ಶಾಲಾ ಕಟ್ಟಡಗಳ ನಿರ್ವಹಣೆ ಬಲ್ಲ ನಾವು ಕೆಲವರು ಸೇರಿ ಈ ಪತ್ರ ಬರೆಯುತ್ತಿದ್ದೇವೆ. ಗಾಳಿ ಬೀಸುವಾಗ ಎಲ್ಲರೂ ಹುಷಾರಾಗಿಯೇ ಇರುತ್ತಾರೆ. ತಪ್ಪಿಸಬಹುದಾಗಿದ್ದ ಅನಾಹುತಗಳು ಆಗುವುದು ಅದು ನಿಂತ ಮೇಲೆ, ಕರೆಂಟ್ ಬೇಗ ಬರಲಿ, ಶಾಲೆ ಬೇಗ ತೆರೆಯಲಿ ಎಂಬ ಅವಸರದಲ್ಲಿ.

ಮೊದಲು ಗಾಳಿಯ ಬಲ. ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 60 ಕಿ.ಮೀ. ಗಾಳಿ ಒಂದು ಚದರ ಮೀಟರಿನ ಮೇಲೆ ಸುಮಾರು 17 ಕೆ.ಜಿ. ಭಾರ ಹೇರಿದಂತೆ ಒತ್ತಿದರೆ, 120 ಕಿ.ಮೀ. ಗಾಳಿ ಸುಮಾರು 68 ಕೆ.ಜಿ.ಯಷ್ಟು ಒತ್ತುತ್ತದೆ. ಗಾಳಿಯ ಬಲ ಅಳೆಯುವ ಬ್ಯೂಫೋರ್ಟ್ ಮಾಪನದ ಪ್ರಕಾರ ಗಂಟೆಗೆ 62 ಕಿ.ಮೀ. ಮುಟ್ಟಿದರೆ ರೆಂಬೆಗಳು ಮುರಿಯುತ್ತವೆ, 89 ಮುಟ್ಟಿದರೆ ಮರ ಬೇರುಸಹಿತ ಉರುಳುತ್ತದೆ, 118ರಿಂದಾಚೆಗೆ ಚಂಡಮಾರುತದ ಬಲ. ‘ಹೋದ ಸಲವೂ ಗಾಳಿ ಬಂದಿತ್ತು, ಏನೂ ಆಗಲಿಲ್ಲ’ ಎಂಬ ಧೈರ್ಯವನ್ನು ಈ ಲೆಕ್ಕ ಒಪ್ಪುವುದಿಲ್ಲ. ಸ್ವಲ್ಪವೇ ಹೆಚ್ಚಿನ ವೇಗ ಬಹಳ ಹೆಚ್ಚಿನ ಬಲ.

ಬಿದ್ದ ತಂತಿಯ ವಿಷಯದಲ್ಲಿ ಜನರಿಗೆ ಒಂದು ದೊಡ್ಡ ತಪ್ಪು ತಿಳಿವಳಿಕೆ ಇದೆ: ಕಿಡಿ ಹಾರುತ್ತಿಲ್ಲ, ಸದ್ದಿಲ್ಲ, ಮನೆಯಲ್ಲೂ ಕರೆಂಟಿಲ್ಲ, ಹಾಗಾದರೆ ತಂತಿ ಸತ್ತಿದೆ ಎಂದು. ಇದು ನಿಜವಲ್ಲ, ಅದಕ್ಕೆ ಎರಡು ಕಾರಣ. ಒಣ ನೆಲದ ಮೇಲೋ ಡಾಂಬರಿನ ಮೇಲೋ ಬಿದ್ದ ತಂತಿಯಿಂದ ನೆಲಕ್ಕೆ ಹರಿಯುವ ಕರೆಂಟ್ ಬಹಳ ಕಡಿಮೆ ಇರಬಹುದು. ಉಪಕೇಂದ್ರದ (ಸಬ್‌ಸ್ಟೇಷನ್ನಿನ) ರಕ್ಷಣಾ ಸಾಧನಕ್ಕೆ ಅದು ದೋಷವೆಂದೇ ಕಾಣದೆ ಲೈನ್ ಚಾಲೂ ಇದ್ದುಬಿಡುತ್ತದೆ. ಎರಡನೆಯದು, ಅನೇಕ ಲೈನುಗಳಲ್ಲಿ ಟ್ರಿಪ್ ಆದ, ಅಂದರೆ ದೋಷ ಕಂಡು ಕರೆಂಟ್ ಕಡಿದ, ಕೆಲವು ಸೆಕೆಂಡುಗಳಿಗೆ ತಾನಾಗಿಯೇ ಮತ್ತೆ ಚಾರ್ಜ್ ಮಾಡುವ ಸ್ವಿಚ್ ಇರುತ್ತದೆ. ಕೊಂಬೆ ತಗುಲಿ ಬಿದ್ದುಹೋಗುವ ಸಣ್ಣ ದೋಷಗಳಿಗಾಗಿ ಅದನ್ನಿಟ್ಟಿರುವುದು. ಆದರೆ ಈಗ ಸತ್ತಂತೆ ಬಿದ್ದಿರುವ ತಂತಿ ಹತ್ತು ಸೆಕೆಂಡಿನಲ್ಲಿ ಮತ್ತೆ ಜೀವ ಪಡೆಯಬಹುದು ಎಂಬುದೂ ಅದರ ಅರ್ಥ.

ಆದ್ದರಿಂದ ಬಿದ್ದ ತಂತಿಯಿಂದ ಕನಿಷ್ಠ 10 ಮೀಟರ್ ದೂರ, ಅಂದರೆ ಸುಮಾರು ಹದಿಮೂರು ದೊಡ್ಡ ಹೆಜ್ಜೆ. ನೀರು ನಿಂತಿದ್ದರೆ, ತಂತಿ ಬೇಲಿಗೆ ತಾಗಿದ್ದರೆ ಇನ್ನೂ ದೂರ. ಗೊತ್ತಿಲ್ಲದೆ ಹತ್ತಿರ ಬಂದುಬಿಟ್ಟಿದ್ದರೆ ಓಡಬಾರದು. ತಂತಿಯ ಸುತ್ತ ನೆಲದಲ್ಲಿ ಬಿಂದುವಿನಿಂದ ಬಿಂದುವಿಗೆ ವೋಲ್ಟೇಜ್ ಬೇರೆ ಬೇರೆ ಇರುವುದರಿಂದ, ಹೆಜ್ಜೆ ಅಗಲವಾದಷ್ಟೂ ಎರಡು ಕಾಲುಗಳ ನಡುವೆ ಹರಿಯುವ ಕರೆಂಟ್ ಹೆಚ್ಚು. ಎರಡೂ ಪಾದ ಜೋಡಿಸಿ, ನೆಲದಿಂದ ಎತ್ತದೆ, ಅಂಗುಲ ಅಂಗುಲವಾಗಿ ಎಳೆದುಕೊಂಡು ಹಿಂದೆ ಸರಿಯಬೇಕು. ಕಾರಿನ ಮೇಲೆ ತಂತಿ ಬಿದ್ದಿದ್ದರೆ ಒಳಗೇ ಕೂತಿರುವುದು ಕ್ಷೇಮ. ಬೆಂಕಿ ಹತ್ತಿ ಇಳಿಯಲೇಬೇಕಾದರೆ ಕಾರನ್ನೂ ನೆಲವನ್ನೂ ಒಟ್ಟಿಗೆ ಮುಟ್ಟದಂತೆ ಎರಡೂ ಕಾಲು ಜೋಡಿಸಿ ಹೊರಗೆ ಜಿಗಿದು, ಆಮೇಲೆ ಪಾದ ಎಳೆಯುತ್ತ ದೂರ ಹೋಗಬೇಕು. ತಂತಿಗೆ ಸಿಕ್ಕಿಕೊಂಡ ಕೊಂಬೆಯನ್ನು ಕತ್ತಿ ಹಿಡಿದು ಕಡಿಯಲು ಹೋಗುವವರಿಗೆ ಕೈಮುಗಿದು ಹೇಳುತ್ತೇವೆ: ಹಸಿ ಕೊಂಬೆಯಲ್ಲಿ ಕರೆಂಟ್ ಹರಿಯುತ್ತದೆ. ಮರ ಎಂದ ಮಾತ್ರಕ್ಕೆ ಒಣ ಕೋಲಲ್ಲ.

ದೂರು ಕೊಡುವಾಗ ‘ನಮ್ಮ ಬೀದಿಯಲ್ಲಿ ಕರೆಂಟಿಲ್ಲ’ ಎಂದರೆ ಲೈನ್‌ಮನ್‌ಗೆ ಏನೂ ತಿಳಿಯುವುದಿಲ್ಲ. ಕಂಬದ ಮೇಲೆ ಬಣ್ಣದಲ್ಲಿ ಬರೆದ ಇಲ್ಲವೇ ತಗಡಿಗೆ ಕೊರೆದ ಸಂಖ್ಯೆಯನ್ನು ದೂರದಿಂದಲೇ ಓದಿ ಹೇಳಿ. ತಂತಿ ನೆಲಕ್ಕೆ ಬಿದ್ದಿದೆಯೇ, ಜೋತಾಡುತ್ತಿದೆಯೇ, ಕಂಬ ವಾಲಿದೆಯೇ, ಟ್ರಾನ್ಸ್‌ಫಾರ್ಮರಿನಿಂದ ಎಣ್ಣೆ ಸೋರುತ್ತಿದೆಯೇ ಎಂಬುದನ್ನೂ ಸೇರಿಸಿ. ಒಂದೇ ದೋಷಕ್ಕೆ ಐವತ್ತು ಮನೆಯಿಂದ ಕರೆ ಹೋದರೆ ಫೋನ್ ಲೈನ್ ಬಿಡುವಿಲ್ಲದೆ, ನೆಲಕ್ಕೆ ಬಿದ್ದ ತಂತಿಯ ಕರೆ ಹೊರಗೇ ಉಳಿಯುತ್ತದೆ.

‘ಎದುರು ಮನೆಗೆ ಬಂತು, ನಮಗೇಕಿಲ್ಲ’ ಎಂಬ ಪ್ರಶ್ನೆಯಿಂದ ಬಹಳ ಜಗಳಗಳಾಗುತ್ತವೆ. ದುರಸ್ತಿ ಮೇಲಿನಿಂದ ಕೆಳಕ್ಕೆ ಬರುತ್ತದೆ: ಮೊದಲು ಉಪಕೇಂದ್ರ, ಆಮೇಲೆ ಅಲ್ಲಿಂದ ಹೊರಡುವ ಹೈಟೆನ್ಷನ್ ಫೀಡರ್, ಆಮೇಲೆ ಟ್ರಾನ್ಸ್‌ಫಾರ್ಮರ್, ಬೀದಿಯ ಲೈನ್, ಕಟ್ಟಕಡೆಗೆ ಕಂಬದಿಂದ ಮನೆಗೆ ಬರುವ ಸರ್ವಿಸ್ ವೈರ್. ಒಂದು ಫೀಡರ್ ಸರಿಯಾದರೆ ಸಾವಿರಾರು ಮನೆಗೆ ಬೆಳಕು, ಒಂದು ಸರ್ವಿಸ್ ವೈರ್ ಸರಿಯಾದರೆ ಒಂದೇ ಮನೆಗೆ. ಎದುರು ಮನೆ ಬೇರೆ ಫೇಸಿನಲ್ಲಿ (ಬೀದಿ ಲೈನಿನ ಮೂರು ಕರೆಂಟ್ ತಂತಿಗಳಲ್ಲಿ ಬೇರೊಂದರಲ್ಲಿ) ಇರಬಹುದು, ಬೇರೆ ಟ್ರಾನ್ಸ್‌ಫಾರ್ಮರಿನದೇ ಇರಬಹುದು. ಅಕ್ಕಪಕ್ಕದವರಿಗೆಲ್ಲ ಬಂದು ನಿಮ್ಮೊಬ್ಬರಿಗೇ ಬಾರದಿದ್ದರೆ ಆಗ ನಿಮ್ಮ ಮೇನ್ ಸ್ವಿಚ್, ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) ನೋಡಿ. ಅವು ಸರಿಯಿದ್ದರೆ ಪ್ರತ್ಯೇಕ ದೂರು ಕೊಡಿ, ಇಲ್ಲವಾದರೆ ನಿಮ್ಮ ಮನೆ ಯಾರ ಪಟ್ಟಿಯಲ್ಲೂ ಇರುವುದಿಲ್ಲ.

ಇನ್ನು ಕರೆಂಟ್ ಬರುವ ಗಳಿಗೆ. ಗಾಳಿಗೆ ಬೀದಿ ಲೈನಿನ ನ್ಯೂಟ್ರಲ್ ತಂತಿ (ಕರೆಂಟ್ ಮರಳುವ ತಂತಿ) ತುಂಡಾಗಿ ಫೇಸ್ ತಂತಿಗಳು ಉಳಿದಿದ್ದರೆ, 230 ವೋಲ್ಟ್ ಬರಬೇಕಾದ ಮನೆಗೆ 400ರ ಹತ್ತಿರದವರೆಗೂ ಬರಬಹುದು. ಒಂದು ಮನೆಯ ಬಲ್ಬು ಕಣ್ಣು ಕೋರೈಸುವಂತೆ ಉರಿದು ಪಕ್ಕದ ಮನೆಯದು ಮಿಣುಕುತ್ತಿದ್ದರೆ, ಫ್ಯಾನ್ ಎಂದಿಲ್ಲದ ವೇಗದಲ್ಲಿ ತಿರುಗಿದರೆ, ಸ್ಟೆಬಿಲೈಸರ್ ಟಕ್ ಟಕ್ ಅನ್ನುತ್ತಲೇ ಇದ್ದರೆ ಕಾರಣ ಹುಡುಕುತ್ತ ನಿಲ್ಲಬೇಡಿ, ಮೇನ್ ಆಫ್ ಮಾಡಿ. ಸಾಮಾನ್ಯ ಎಂಸಿಬಿ ಹೆಚ್ಚು ಕರೆಂಟಿಗೆ ಬೀಳುತ್ತದೆಯೇ ಹೊರತು ಹೆಚ್ಚು ವೋಲ್ಟೇಜಿಗೆ ಬೀಳುವುದಿಲ್ಲ.

ಕರೆಂಟ್ ಹೋದ ಕೂಡಲೆ ಫ್ರಿಜ್, ಪಂಪು, ಎಸಿ, ಗೀಸರ್, ಟಿವಿ ಎಲ್ಲದರ ಸ್ವಿಚ್ ಆರಿಸಿ, ಬಂದದ್ದು ತಿಳಿಯಲು ಒಂದು ಬಲ್ಬು ಮಾತ್ರ ಹಾಕಿಡಿ. ಇದು ಮನೆಯ ಸಾಮಾನು ಉಳಿಸಲು ಮಾತ್ರವಲ್ಲ, ಇಡೀ ಬೀದಿಗಾಗಿ. ಮೋಟಾರು ಹೊರಡುವ ಕ್ಷಣದಲ್ಲಿ ಓಡುವಾಗಿನ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಗಂಟೆಗಟ್ಟಲೆ ನಿಂತಿದ್ದ ಸಾವಿರ ಫ್ರಿಜ್, ನೂರಾರು ಪಂಪು ಒಂದೇ ಸಲ ಹೊರಟರೆ ಈಗಷ್ಟೇ ಸರಿಮಾಡಿದ ಫೀಡರ್ ಮತ್ತೆ ಟ್ರಿಪ್ ಆಗುತ್ತದೆ. ‘ಬಂತು, ಹೋಯ್ತು, ಬಂತು, ಹೋಯ್ತು’ ಎನ್ನುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಬಲ್ಬು ಹತ್ತಿ ಹತ್ತು ಹದಿನೈದು ನಿಮಿಷ ಬೆಳಕು ಸಮವಾಗಿ ನಿಂತ ಮೇಲೆ ಮೊದಲು ಫ್ರಿಜ್, ಐದು ನಿಮಿಷ ಬಿಟ್ಟು ಪಂಪು, ಗೀಸರ್ ಕೊನೆಗೆ.

ಜನರೇಟರ್ ಇದ್ದವರು ಅದರ ವೈರನ್ನು ನೇರವಾಗಿ ಗೋಡೆಯ ಸಾಕೆಟ್ಟಿಗೆ ಕೊಟ್ಟು ಮನೆಯೆಲ್ಲ ಬೆಳಗಿಸುವುದುಂಟು. ಹಾಗೆ ಮಾಡಿದಾಗ ಕರೆಂಟ್ ಮೀಟರ್ ದಾಟಿ ಹೊರಗೆ ಹೋಗುತ್ತದೆ. ಬೀದಿಯ ಟ್ರಾನ್ಸ್‌ಫಾರ್ಮರ್ ಎರಡೂ ಕಡೆಗೆ ಕೆಲಸ ಮಾಡುವ ಯಂತ್ರ. 230 ವೋಲ್ಟನ್ನು ಅದು ಸಾವಿರಾರು ವೋಲ್ಟ್ ಮಾಡಿ ಮೇಲಿನ ಲೈನಿಗೆ ಕಳಿಸುತ್ತದೆ. ಲೈನ್ ಆಫ್ ಆಗಿದೆ ಎಂದು ನಂಬಿ ಕಂಬ ಹತ್ತಿದವನ ಕೈ ಅಲ್ಲಿರುತ್ತದೆ. ಹೊರಗಿನ ಲೈನ್ ಇಲ್ಲವೇ ಜನರೇಟರ್, ಒಂದನ್ನು ಮಾತ್ರ ಮನೆಗೆ ಜೋಡಿಸುವ ಚೇಂಜ್ ಓವರ್ ಸ್ವಿಚ್ ಇಲ್ಲದೆ ಜನರೇಟರನ್ನು ಮನೆಯ ವೈರಿಂಗಿಗೆ ಜೋಡಿಸಲೇಬಾರದು. ಅದಿಲ್ಲದಿದ್ದರೆ ಎಕ್ಸ್‌ಟೆನ್ಷನ್ ವೈರ್ ಎಳೆದು ಫ್ರಿಜ್ಜನ್ನೋ ಲೈಟನ್ನೋ ನೇರವಾಗಿ ಜನರೇಟರಿಗೇ ಕೊಡಿ. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ವರಾಂಡ, ಮೆಟ್ಟಿಲ ಕೆಳಗೆ, ಬಾಗಿಲು ತೆರೆದ ಗ್ಯಾರೇಜು ಇವು ಯಾವುವೂ ‘ಹೊರಗೆ’ ಅಲ್ಲ. ಕಿಟಕಿ ಬಾಗಿಲುಗಳಿಂದ 6 ಮೀಟರಿಗೂ ದೂರ ಇಡಬೇಕು. ತಲೆನೋವು, ವಾಕರಿಕೆ, ತಲೆಸುತ್ತು ಮನೆಯಲ್ಲಿ ಇಬ್ಬರಿಗೆ ಒಟ್ಟಿಗೆ ಬಂದರೆ ಎಲ್ಲರೂ ಬಯಲಿಗೆ ಬಂದು ಉಸಿರಾಡಿ, ವೈದ್ಯರ ನೆರವು ಪಡೆಯಿರಿ. ಇಂಧನ ತುಂಬುವ ಮೊದಲು ಎಂಜಿನ್ ಆರಿಸಿ ತಣಿಯಲು ಬಿಡಿ.

ಚಾವಣಿಯ ಸೋಲಾರ್ ಇದ್ದರೂ ಕರೆಂಟ್ ಹೋದಾಗ ಮನೆ ಕತ್ತಲಾಗುತ್ತದೆಯೇಕೆ ಎಂದು ಹಲವರು ಕೇಳುತ್ತಾರೆ. ಬ್ಯಾಟರಿಯಿಲ್ಲದೆ ಗ್ರಿಡ್ಡಿಗೆ ಜೋಡಿಸಿದ ಇನ್ವರ್ಟರ್, ಹೊರಗಿನ ಲೈನ್ ಸತ್ತ ಕೂಡಲೆ ತಾನೂ ನಿಲ್ಲಬೇಕು. ಲೈನ್‌ಮನ್‌ನ ಜೀವ ಉಳಿಸಲೆಂದೇ ಹಾಗಿದೆ. ಗಾಳಿಗೆ ಒಡೆದ, ಕಳಚಿಬಿದ್ದ ಪ್ಯಾನೆಲ್ ಮಾತ್ರ ಹಗಲಿಡೀ ಕರೆಂಟ್ ಉತ್ಪಾದಿಸುತ್ತಲೇ ಇರುತ್ತದೆ, ಮುಟ್ಟಬೇಡಿ.

ಇನ್ವರ್ಟರ್ ಬ್ಯಾಟರಿಯ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಮಾಡಿ ಗೋಡೆಗೆ ಅಂಟಿಸಿಡುವುದು ಒಳ್ಳೆಯದು. 12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿ ಎಂದರೆ ಹೆಸರಿಗೆ 1,800 ವಾಟ್-ಅವರ್. ಸೀಸದ ಬ್ಯಾಟರಿಯಲ್ಲಿ ಅದರ ಅರ್ಧ, ಸುಮಾರು 900, ಬಳಸಿ ನಿಲ್ಲಿಸಿದರೆ ಅದು ಬಾಳುತ್ತದೆ. 9 ವಾಟಿನ ಮೂರು ಎಲ್‌ಇಡಿ ಬಲ್ಬು 27, ಹಳೆಯ ಫ್ಯಾನ್ 75, ರೂಟರ್ 10, ಇನ್ವರ್ಟರ್ ತಾನೇ ತಿನ್ನುವುದು ಸುಮಾರು 15, ಒಟ್ಟು 127 ವಾಟ್. ಅಂದರೆ ಏಳು ಗಂಟೆ. ಫ್ಯಾನ್ ಒಂದನ್ನು ಆರಿಸಿದರೆ 52 ವಾಟ್. ಅದೇ ಬ್ಯಾಟರಿ ಹದಿನೇಳು ಗಂಟೆ ಬರುತ್ತದೆ. ಎರಡು ಮೂರು ದಿನದ ಕತ್ತಲೆಗೆ ರಾತ್ರಿ ಒಂದೇ ಕೋಣೆಯಲ್ಲಿ ಎಲ್ಲರೂ ಮಲಗಿ ಒಂದೇ ಫ್ಯಾನ್ ಹಾಕಿಕೊಳ್ಳುವುದಕ್ಕಿಂತ ದೊಡ್ಡ ಉಳಿತಾಯ ಇನ್ನೊಂದಿಲ್ಲ. ಬ್ಯಾಟರಿ 10.5 ವೋಲ್ಟಿಗಿಂತ ಕೆಳಗಿಳಿದು, ಹಾಗೇ ಎರಡು ದಿನ ಬಿದ್ದಿದ್ದರೆ ಅದರ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಮತ್ತೆ ಮೊದಲಿನ ಶಕ್ತಿ ಬರುವುದಿಲ್ಲ. ಕರೆಂಟ್ ಬಂದ ಮೇಲೆ ಪೂರ್ತಿ ಚಾರ್ಜ್ ಮಾಡಿ, ಡಿಸ್ಟಿಲ್ಡ್ ವಾಟರ್ ಮಟ್ಟ ನೋಡಿ. ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಬರುವುದರಿಂದ ಆ ಜಾಗದಲ್ಲಿ ಗಾಳಿಯಾಡಲಿ, ಬೆಂಕಿ ಬೇಡ.

ಮೊಬೈಲಿನ ವಿಷಯ. 10,000 ಎಂಎಎಚ್ ಪವರ್ ಬ್ಯಾಂಕ್ 5,000ದ ಫೋನನ್ನು ಎರಡು ಸಲ ತುಂಬುವುದಿಲ್ಲ. ವೋಲ್ಟೇಜ್ ಬದಲಿಸುವಾಗಿನ ನಷ್ಟ ಕಳೆದು ಹೆಚ್ಚೆಂದರೆ ಒಂದೂವರೆ ಸಲ. ಟವರುಗಳ ಬ್ಯಾಟರಿಯೂ ಕೆಲವು ಗಂಟೆಗಳಲ್ಲಿ ಮುಗಿಯುತ್ತದೆ. ಸಿಗ್ನಲ್ ಕ್ಷೀಣಿಸಿದಷ್ಟೂ ಫೋನು ದೂರದ ಟವರಿಗೆ ಕೂಗಿ ಕೂಗಿ ತನ್ನ ಬ್ಯಾಟರಿ ಬರಿದು ಮಾಡಿಕೊಳ್ಳುತ್ತದೆ. ಏರೋಪ್ಲೇನ್ ಮೋಡಿನಲ್ಲಿಟ್ಟು ಎರಡು ಗಂಟೆಗೊಮ್ಮೆ ಹತ್ತು ನಿಮಿಷ ತೆರೆಯಿರಿ. ಕರೆ ಹೋಗದಿದ್ದಾಗಲೂ ಎಸ್‌ಎಂಎಸ್ ಹೋಗುವ ಸಾಧ್ಯತೆ ಹೆಚ್ಚು. ಸುದ್ದಿಗೆ ಸೆಲ್ ಹಾಕುವ ರೇಡಿಯೊ ಇಂದಿಗೂ ಎಲ್ಲಕ್ಕಿಂತ ನಂಬಿಕಸ್ಥ.

ಬಾಗಿಲು ಮುಚ್ಚಿದ ಫ್ರಿಜ್ ಸುಮಾರು 4 ಗಂಟೆ ತಂಪು ಕಾಯುತ್ತದೆ. ತುಂಬಿದ ಫ್ರೀಜರ್ 48 ಗಂಟೆ, ಅರ್ಧ ತುಂಬಿದ್ದು 24. ಒಂದು ಲೋಟದಲ್ಲಿ ನೀರು ಹೆಪ್ಪುಗಟ್ಟಿಸಿ ಮೇಲೆ ಒಂದು ನಾಣ್ಯ ಇಟ್ಟಿರಿ. ಕರೆಂಟ್ ಬಂದಾಗ ನಾಣ್ಯ ಮೇಲೆಯೇ ಇದ್ದರೆ ಮಂಜು ಕರಗಿಲ್ಲ. ತಳ ಸೇರಿದ್ದರೆ ಒಳಗಿದ್ದದ್ದೆಲ್ಲ ಒಮ್ಮೆ ಪೂರ್ತಿ ಕರಗಿ ಮತ್ತೆ ಗಟ್ಟಿಯಾಗಿದೆ, ಆ ಆಹಾರ ಬಿಸಾಡಿ. ರುಚಿ ನೋಡಿ ತೀರ್ಮಾನಿಸುವುದು ಅಪಾಯ. ಬಳಕೆಯಲ್ಲಿರುವ ಇನ್ಸುಲಿನ್ ಸೀಸೆ ಅತಿ ಸೆಕೆಯಿಲ್ಲದ ಕಡೆ ಫ್ರಿಜ್ ಇಲ್ಲದೆಯೂ ಹೆಚ್ಚಿನವು ಸುಮಾರು ನಾಲ್ಕು ವಾರ ಬಾಳುತ್ತವೆ, ನಿಮ್ಮದರ ಚೀಟಿ ಓದಿ ಖಚಿತಪಡಿಸಿಕೊಳ್ಳಿ. ಕೆಡಬಾರದೆಂದು ನೇರವಾಗಿ ಮಂಜಿನ ಮೇಲೆ ಇಡುವುದೇ ಕೇಡು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು. ಮನೆಯಲ್ಲಿ ಆಕ್ಸಿಜನ್ ಯಂತ್ರ ಬಳಸುವವರಿದ್ದರೆ ಇನ್ವರ್ಟರ್ ನಂಬಿ ಕೂರಬಾರದು, ಆ ಯಂತ್ರ 300 ವಾಟಿಗೂ ಹೆಚ್ಚು ಎಳೆಯುತ್ತದೆ. 1,500 ಲೀಟರ್ ಆಮ್ಲಜನಕದ ಸಿಲಿಂಡರ್ ನಿಮಿಷಕ್ಕೆ 2 ಲೀಟರಿನಂತೆ ಹನ್ನೆರಡೂವರೆ ಗಂಟೆ ಬರುತ್ತದೆ. ಆ ಅವಧಿಯೊಳಗೆ ಎಲ್ಲಿಗೆ ಕರೆದೊಯ್ಯಬೇಕೆಂದು ಮೊದಲೇ ನಿಶ್ಚಯಿಸಿರಬೇಕು.

ಪಂಪು ನಿಂತಾಗ ನೀರಿನ ಪೈಪಿನೊಳಗಿನ ಒತ್ತಡ ಇಳಿದು, ಬಿರುಕುಗಳಿಂದ ಹೊರಗಿನ ಕೊಳೆನೀರು ಒಳಗೆ ಎಳೆಯಲ್ಪಡುತ್ತದೆ. ಮತ್ತೆ ನೀರು ಬಂದಾಗ ಮೊದಲ ನೀರನ್ನು ಕುಡಿಯಲು ಹಿಡಿಯಬೇಡಿ. ಕೊತಕೊತ ಒಂದು ನಿಮಿಷ ಕುದಿಸಿ. ಕುದಿಸಲಾಗದಿದ್ದರೆ ಸುವಾಸನೆ ಸೇರಿಸದ, 5ರಿಂದ 6 ಶೇಕಡಾ ಕ್ಲೋರಿನ್ ಬ್ಲೀಚ್ ದ್ರಾವಣ ಲೀಟರಿಗೆ 2 ಹನಿ ಹಾಕಿ ಅರ್ಧ ಗಂಟೆ ಬಿಡಿ. ಕದಡಿದ ನೀರಾದರೆ ಬಟ್ಟೆಯಲ್ಲಿ ಸೋಸಿ 4 ಹನಿ.

ಈಗ ಶಾಲೆ. ಕರೆಂಟಿಲ್ಲ ಎಂಬುದೊಂದೇ ಶಾಲೆ ಮುಚ್ಚಿಡಲು ಕಾರಣವಾಗಬಾರದು ಎಂಬುದು ನಮ್ಮ ಅಭಿಪ್ರಾಯ. ಕಿಟಕಿಯಿರುವ ಕೋಣೆಯಲ್ಲಿ ಹಗಲು ಬೆಳಕಿನಲ್ಲಿ ಪಾಠ ನಡೆಯುತ್ತದೆ. ಆದರೆ ನೀರಿಲ್ಲದೆ ಶೌಚಾಲಯ ನಡೆಯುವುದಿಲ್ಲ, ಒದ್ದೆ ಸ್ವಿಚ್‌ಬೋರ್ಡಿನ ಪಕ್ಕದಲ್ಲಿ ಮಗು ಕೂರಬಾರದು, ಬೋಲ್ಟು ಸಡಿಲಾದ ಶೀಟಿನ ಕೆಳಗೆ ತರಗತಿ ಇರಬಾರದು. ತೆರೆಯುವ ಮುನ್ನ ಇಬ್ಬರು, ಒಬ್ಬರಲ್ಲ, ಹಗಲಿನಲ್ಲಿ ಹೊರಗಿನಿಂದ ಒಳಕ್ಕೆ ನೋಡುತ್ತ ಬರಬೇಕು.

ಮೊದಲು ಮರ. ಬುಡದ ಸುತ್ತ ನೆಲ ಬಿರಿದಿದೆಯೇ, ಗಾಳಿ ಬಂದ ಕಡೆಯ ಬೇರು ಮಣ್ಣೆತ್ತಿದೆಯೇ ನೋಡಿ. ಹಾಗಿದ್ದರೆ ಆ ಮರ ನೇರವಾಗಿ ನಿಂತಂತೆ ಕಂಡರೂ ಮುಂದಿನ ಮಳೆಗೆ ಬೀಳಬಹುದು. ಇನ್ನೂ ಮೋಸದ್ದು ಮುರಿದು ಮೇಲೆಯೇ ಸಿಕ್ಕಿಕೊಂಡ ಕೊಂಬೆ. ಎಲೆ ಹಸಿರಾಗಿರುವವರೆಗೆ ಕಣ್ಣಿಗೇ ಬೀಳುವುದಿಲ್ಲ. ನಾಲ್ಕೈದು ದಿನಕ್ಕೆ ಎಲೆ ಬಾಡಿ ಕಂದುಬಣ್ಣಕ್ಕೆ ತಿರುಗಿದಾಗ ಗೊತ್ತಾಗುತ್ತದೆ, ಗಾಳಿಯಿಲ್ಲದ ಮಧ್ಯಾಹ್ನದಲ್ಲೂ ಬೀಳುತ್ತದೆ. ಆದ್ದರಿಂದ ಮರಗಳನ್ನು ಒಂದು ಸಲ ನೋಡಿದರೆ ಸಾಲದು, ವಾರ ಬಿಟ್ಟು ಮತ್ತೆ ನೋಡಬೇಕು.

ಕಾಂಪೌಂಡು ಗೋಡೆಯನ್ನು ಎಲ್ಲರೂ ಮರೆಯುತ್ತಾರೆ. ನಡುವೆ ಕಂಬಗಳಿಲ್ಲದ ಉದ್ದನೆಯ ಗೋಡೆ, ಬುಡದಲ್ಲಿ ನೀರು ನಿಂತು ಪಾಯ ನೆನೆದಿದ್ದರೆ, ಮಕ್ಕಳು ಒರಗಿ ನಿಂತಾಗ ಬೀಳುವಂಥದ್ದು. ದಾರಕ್ಕೆ ಕಲ್ಲು ಕಟ್ಟಿ ಗೋಡೆಯ ತಲೆಯಿಂದ ಇಳಿಬಿಡಿ. ದಾರ ಮೇಲೊಂದು ದೂರ ಕೆಳಗೊಂದು ದೂರ ನಿಂತರೆ ಗೋಡೆ ವಾಲಿದೆ. ಗೋಡೆಯ ಎತ್ತರದ ಒಂದೂವರೆ ಪಟ್ಟು ದೂರದಲ್ಲಿ ಹಗ್ಗ ಕಟ್ಟಿ, ಎರಡೂ ಬದಿಗೆ.

ಚಾವಣಿಯಲ್ಲಿ ಗಾಳಿ ಒತ್ತುವುದಕ್ಕಿಂತ ಎತ್ತುವುದೇ ಹೆಚ್ಚು, ಅದೂ ಅಂಚು ಮತ್ತು ಮೂಲೆಗಳಲ್ಲಿ. ಹಾಗಾಗಿ ಮೂಲೆಯ ಶೀಟುಗಳ ಹುಕ್ ಬೋಲ್ಟು, ವಾಷರ್ ಮೊದಲು ಪರೀಕ್ಷಿಸಿ. ಬೋಲ್ಟಿನ ತೂತು ಮೊಟ್ಟೆಯಾಕಾರಕ್ಕೆ ಹಿಗ್ಗಿದ್ದರೆ ಆ ಶೀಟು ಗಾಳಿಗೆ ಆಡಿದೆ. ನಟ್ಟು ಬಿಗಿದರೆ ಪ್ರಯೋಜನವಿಲ್ಲ, ಅಗಲ ವಾಷರ್ ಹಾಕಬೇಕು ಅಥವಾ ಶೀಟು ಬದಲಿಸಬೇಕು. ನೀರು ಕುಡಿದ ಫಾಲ್ಸ್ ಸೀಲಿಂಗ್ ಹೊಟ್ಟೆ ಬಂದಂತೆ ಜೋತಿದ್ದರೆ ಕೆಳಗಿಳಿಸಿಯೇ ಕೋಣೆ ತೆರೆಯಿರಿ.

ವೈರಿಂಗಿಗೆ ಮೇನ್ ಆಫ್ ಇಟ್ಟೇ ಕೈ ಹಾಕಬೇಕು. ಒದ್ದೆಯಾದ ಬೋರ್ಡುಗಳನ್ನು ಬಿಚ್ಚಿ ಒಣಗಿಸಿ, ಎಲೆಕ್ಟ್ರಿಷಿಯನ್‌ನಿಂದ 500 ವೋಲ್ಟ್ ಮೆಗ್ಗರ್ (ವೈರಿನ ನಿರೋಧಕ ಹೊದಿಕೆ ಸರಿಯಿದೆಯೇ ಎಂದು ಅಳೆಯುವ ಸಾಧನ) ಹಾಕಿಸಿ. ಪ್ರತಿ ಸರ್ಕ್ಯೂಟ್ ಕನಿಷ್ಠ 1 ಮೆಗಾಓಮ್ ತೋರಿಸಬೇಕು, ತೋರಿಸದ್ದನ್ನು ಬೇರ್ಪಡಿಸಿ ಉಳಿದದ್ದನ್ನು ಚಾಲೂ ಮಾಡಿ. ಕರೆಂಟ್ ಬಂದ ಮೇಲೆ 30 ಮಿಲಿಆಂಪಿಯರ್ ಆರ್‌ಸಿಸಿಬಿಯ (ಕರೆಂಟ್ ಸೋರಿದರೆ ತಾನೇ ಬೀಳುವ ಸ್ವಿಚ್ಚಿನ) ಟೆಸ್ಟ್ ಬಟನ್ ಒತ್ತಿ. ಬೀಳದಿದ್ದರೆ ಅದಿದ್ದೂ ಇಲ್ಲದಂತೆ. ವಾಟರ್ ಕೂಲರ್, ಪಂಪಿನ ಸ್ಟಾರ್ಟರ್ ಪೆಟ್ಟಿಗೆ ಇವುಗಳಿಗೆ ಅರ್ಥಿಂಗ್ ಇದೆಯೇ ಎಂದು ವಿಶೇಷವಾಗಿ ನೋಡಿಸಿ. ಒದ್ದೆ ಕೈಯ ಮಕ್ಕಳು ದಿನವಿಡೀ ಮುಟ್ಟುವ ಲೋಹ ಅದು. ಶಾಲಾ ವಾಹನದ ದಾರಿಯಲ್ಲಿ ಹಿಂದಿನ ದಿನ ಹಗಲಲ್ಲೇ ಖಾಲಿ ಗಾಡಿ ಒಮ್ಮೆ ಓಡಲಿ. ಶಾಲೆಯನ್ನು ನಿರಾಶ್ರಿತರಿಗೆ ಕೊಟ್ಟಿದ್ದರೆ, ಅವರು ಹೊರಟ ಮೇಲೆ ಟ್ಯಾಂಕು, ಶೌಚಾಲಯ ಶುಚಿಮಾಡಲು ಒಂದು ಪೂರ್ತಿ ದಿನ ಬಿಡಿ.

ರಜೆಯ ದಿನಗಳಲ್ಲಿ ಆನ್‌ಲೈನ್ ತರಗತಿ ನಡೆಸುತ್ತೇವೆ ಎನ್ನುವುದು, ಕರೆಂಟ್ ಬಂದ ಮನೆಯ ಮಕ್ಕಳಿಗಷ್ಟೇ ಪಾಠ ಮಾಡಿದಂತೆ. ಹಾಜರಿ, ಅಂಕ ಇವುಗಳಿಗೆ ಅದನ್ನು ಸೇರಿಸಬಾರದು. ಅದರ ಬದಲು ಒಂದು ಹಾಳೆ ಕೆಲಸ ಕೊಡಬಹುದು, ಗೇಟಿನಲ್ಲಿ ಅಂಟಿಸಿದರೂ ಸಾಕು. ಹಗಲು ಬೆಳಕಿರುವಾಗ ಬೆಳಿಗ್ಗೆ ಅರ್ಧರ್ಧ ಗಂಟೆಯ ಮೂರು ಸರದಿ: ಒಂದು ಗಟ್ಟಿಯಾಗಿ ಓದುವುದು, ಒಂದು ಲೆಕ್ಕ, ಒಂದು ಕೈಬರಹ. ಸಣ್ಣವರಿಗೆ ಇಪ್ಪತ್ತು ನಿಮಿಷ ಸಾಕು. ಮೇಲಿನ ಬ್ಯಾಟರಿ ಲೆಕ್ಕವನ್ನು ಏಳನೆಯ ತರಗತಿಯ ಮಗು ತನ್ನ ಮನೆಯ ಬಲ್ಬು, ಫ್ಯಾನಿಗೆ ತಾನೇ ಮಾಡಬಲ್ಲದು, ಮನೆಗೂ ಉಪಯೋಗ. ರಾತ್ರಿ ಮೇಣದಬತ್ತಿಯಲ್ಲಿ ಓದಿಸಬೇಡಿ. ನಿದ್ದೆಗೆ ಜಾರಿದ ಮಗು, ಹೊದಿಕೆ, ಬತ್ತಿ ಮೂರೂ ಒಂದೇ ಮಂಚದ ಬಳಿ ಸೇರುತ್ತವೆ. ನೀರು ತುಂಬಿದ ಪಾರದರ್ಶಕ ಬಾಟಲಿಯನ್ನು ಟಾರ್ಚಿನ ಮೇಲಿಟ್ಟರೆ ಬೆಳಕು ಕೋಣೆಗೆಲ್ಲ ಹರಡುತ್ತದೆ. ದೊಡ್ಡವರು ಕೆಲಸಕ್ಕೆ ಹೋಗಲೇಬೇಕಾದ ಮನೆಗಳವರು ನಾಲ್ಕೈದು ಮನೆ ಸೇರಿ ಸರದಿಯಂತೆ ಒಬ್ಬರು ಮಕ್ಕಳನ್ನು ನೋಡಿಕೊಂಡರೆ, ಬಿದ್ದ ತಂತಿ ನೋಡಲು ಮಕ್ಕಳು ತಾವೇ ಹೋಗುವ ಪ್ರಸಂಗ ಬಾರದು.

ಕೊನೆಗೆ ಆ ‘ಮುಂದಿನ ಆದೇಶದವರೆಗೆ’. ಈ ಮಾತು ಕೇಳಿದ ತಾಯಿತಂದೆ ದಿನಕ್ಕೆ ಹತ್ತು ಸಲ ಫೋನು ತೆರೆಯುತ್ತಾರೆ, ಇದ್ದ ಚಾರ್ಜೂ ಮುಗಿಯುತ್ತದೆ. ಪ್ರಕಟಣೆಯಲ್ಲಿ ಎಲ್ಲಿಯವರೆಗೆ ರಜೆ, ಏಕೆ, ಮುಂದಿನ ತೀರ್ಮಾನ ಯಾವ ದಿನ ಎಷ್ಟು ಗಂಟೆಗೆ, ಅದು ಎಲ್ಲಿ ಸಿಗುತ್ತದೆ ಎಂಬ ನಾಲ್ಕೂ ಇರಲಿ. ಉದಾಹರಣೆಗೆ: ‘ಗುರುವಾರದವರೆಗೆ ಶಾಲೆಯಿಲ್ಲ. ಪಂಪು ಕೆಟ್ಟು ಶೌಚಾಲಯಕ್ಕೆ ನೀರಿಲ್ಲ, ದುರಸ್ತಿ ನಡೆದಿದೆ. ಶುಕ್ರವಾರದ ವಿಷಯ ಗುರುವಾರ ಸಂಜೆ 5 ಗಂಟೆಗೆ ಈ ಗೇಟಿನಲ್ಲಿ ಬರೆಯುತ್ತೇವೆ, ಎಸ್‌ಎಂಎಸ್ ಕೂಡ ಕಳಿಸುತ್ತೇವೆ.’ ತೀರ್ಮಾನ ಆಗದಿದ್ದರೂ 5 ಗಂಟೆಗೆ ‘ಇನ್ನೂ ಆಗಿಲ್ಲ’ ಎಂದು ಬರೆಯಲೇಬೇಕು.

ತಮ್ಮ ಪತ್ರಿಕೆ ಇಂಥ ದಿನಗಳಲ್ಲಿ ಒಂದು ಚೌಕಟ್ಟಿನೊಳಗೆ ಇಂದು ಯಾವ ಫೀಡರಿನ ಕೆಲಸ ನಡೆಯಲಿದೆ, ಯಾವ ಶಾಲೆಗಳು ತೆರೆದಿವೆ, ಬಿದ್ದ ತಂತಿಯ ದೂರಿಗೆ ಯಾವ ನಂಬರ್ ಎಂಬುದನ್ನು ದಿನವೂ ಒಂದೇ ಪುಟದ ಒಂದೇ ಜಾಗದಲ್ಲಿ ಪ್ರಕಟಿಸಬೇಕೆಂದು ಕೋರುತ್ತೇವೆ. ಫೋನು, ಟಿವಿ ಎರಡೂ ಸತ್ತಾಗ ಮನೆ ಬಾಗಿಲಿಗೆ ತಲುಪುವುದು ಬೆಳಗಿನ ಪತ್ರಿಕೆಯೇ.

ಇಂತಿ,
ವಿದ್ಯುತ್ ಕೆಲಸ ಮತ್ತು ಶಾಲಾ ಕಟ್ಟಡ ನಿರ್ವಹಣೆಯಲ್ಲಿರುವ ಓದುಗರು